ಬೆಣ್ಣೆ ಬ್ರೇಕು

ಮಾರ್ಚ್ 3, ಸೋಮವಾರ

ಸಮಸ್ತ ಲೋಕಕ್ಕೂ, ಅದರಲ್ಲೂ ವಿಶೇಷವಾಗಿ ಈ ಮನೆಯ ಅಡುಗೆಕೋಣೆಗೂ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ಏಳೂಕಾಲಿಗೆ ಸರಿಯಾಗಿ, ಚಹಾ ಸೋಸುವ ಜರಡಿಯನ್ನು ಗೋಡೆಯ ಮೊದಲನೇ ಮೊಳೆಯಿಂದ ಎರಡನೇ ಮೊಳೆಗೆ ವರ್ಗಾಯಿಸಲಾಗಿದೆ. ಈ ಆಜ್ಞೆ ತಕ್ಷಣದಿಂದಲೇ ಜಾರಿಗೆ ಬರುತ್ತದೆ. ಆಕ್ಷೇಪಣೆ ಇದ್ದವರು ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.

ಕಾರಣ ಇಷ್ಟೇ. ಮೊದಲನೇ ಮೊಳೆ ನನಗೆ ಎಟುಕುವುದಿಲ್ಲ. ಅದನ್ನು ಹೊಡೆದವಳು ನನಗಿಂತ ಎರಡು ಬೆರಳು ಎತ್ತರ. ಮದುವೆಯ ದಿನ ಫೋಟೋದವನು ನನ್ನನ್ನು ಒಂದು ಇಟ್ಟಿಗೆಯ ಮೇಲೆ ನಿಲ್ಲಿಸಿದ್ದ. ಆ ಇಟ್ಟಿಗೆಯ ಸುದ್ದಿ ತೆಗೆದು ಇಪ್ಪತ್ತೊಂಬತ್ತು ವರ್ಷ ನಕ್ಕಳು.

ಸಂಜೆ ಐದಕ್ಕೆ ಆಜ್ಞೆಯನ್ನು ಹಿಂಪಡೆಯಲಾಯಿತು. ಆಕ್ಷೇಪಣೆ ಬಂದದ್ದು ನನ್ನಿಂದಲೇ. ಸ್ಟೂಲು ಹತ್ತಿ ಜರಡಿಯನ್ನು ಮತ್ತೆ ಮೇಲಕ್ಕೇ ತೂಗುಹಾಕಿದೆ.

ಮುಂದೊಂದು ದಿನ ಚರಿತ್ರಕಾರರು ಈ ಪುಸ್ತಕವನ್ನು ಅಗೆದು ತೆಗೆದರೆ ಅವರ ಅನುಕೂಲಕ್ಕೆ: ನಾನು ಈ ಊರಿನ ಏಕೈಕ ಡ್ರೈವಿಂಗ್ ಸ್ಕೂಲಿನ ಏಕೈಕ ಮೇಷ್ಟ್ರು. ಊರಿನಲ್ಲಿ ಸರಿಯಾಗಿ ಕಾರು ಓಡಿಸುವವರೆಲ್ಲ ನನ್ನ ಶಿಷ್ಯರು. ತಪ್ಪಾಗಿ ಓಡಿಸುವವರು ತಮ್ಮ ಸ್ವಂತ ಪ್ರತಿಭೆಯಿಂದ ಬೆಳೆದವರು. ಒಂದೂವರೆ ವರ್ಷದಿಂದ ಸ್ಕೂಲಿನ ಕಾರಿಗೆ ಹೊದಿಕೆ ಹೊದಿಸಿ ನಿಲ್ಲಿಸಿದ್ದೇನೆ. ಕಾರು ನಿಂತಿತು, ನನ್ನ ಬಲಗಾಲು ನಿಲ್ಲಲಿಲ್ಲ. ಬಸ್ಸಿನಲ್ಲಿ, ಕ್ಷೌರದ ಕುರ್ಚಿಯಲ್ಲಿ, ಎದುರಿನಿಂದ ಯಾರಾದರೂ ಬಿರಬಿರನೆ ನಡೆದು ಬಂದರೂ ಸಾಕು, ಅದು ತಾನಾಗಿ ನೆಲವನ್ನು ಒತ್ತುತ್ತದೆ.

ಮಾರ್ಚ್ 5, ಬುಧವಾರ

ಸರ್ಕಾರಕ್ಕೆ ನನ್ನ ಅಭಿಪ್ರಾಯ ಬೇಕಂತೆ. ಮದುವೆಯಾದ ಮೇಲೆ ಒಬ್ಬರಿಗಾದರೂ ನನ್ನ ಅಭಿಪ್ರಾಯ ಬೇಕಾಗಿರುವುದು ಇದೇ ಮೊದಲು.

ರಸ್ತೆ ಸಂಚಾರ ಕಾನೂನು ಸುಧಾರಣಾ ಸಮಿತಿಯವರು ಒಂದು ನಮೂನೆ ಕಳಿಸಿದ್ದಾರೆ. ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿದರೆ ಈಗ ಹೆಚ್ಚೆಂದರೆ ಎರಡು ವರ್ಷ ಸೆರೆ. ಅದನ್ನು ಹತ್ತಕ್ಕೆ ಏರಿಸಬೇಕೆ? ಲೈಸೆನ್ಸನ್ನು ಶಾಶ್ವತವಾಗಿ ರದ್ದು ಮಾಡಬೇಕೆ? ಬೇರೆ ಸಲಹೆಗಳಿದ್ದರೆ ಚೌಕದೊಳಗೆ ಬರೆಯಿರಿ. ಚೌಕ ಬೆಂಕಿಪೊಟ್ಟಣದಷ್ಟಿದೆ. ಸರ್ಕಾರಕ್ಕೆ ಪ್ರಜೆಗಳ ಸಲಹೆಯ ಗಾತ್ರ ಚೆನ್ನಾಗಿ ಗೊತ್ತು.

ನಮೂನೆಯ ಹಿಂದೆಯೇ ನನ್ನ ನಾದಿನಿ ಬಂದಳು. ಅವಳು ಹೈಸ್ಕೂಲಿನಲ್ಲಿ ಆಟದ ಟೀಚರು. ಕೊರಳಲ್ಲಿ ಸದಾ ಸೀಟಿ ತೂಗುತ್ತಿರುವುದರಿಂದ ಮಕ್ಕಳೂ ನಾವೂ ಅವಳಿಗೆ ಸೀಟಿ ಎಂದೇ ಹೆಸರಿಟ್ಟಿದ್ದೇವೆ. ಮಾತೂ ಹಾಗೇ, ಊದಿದಂತೆ.

"ಭಾವ, ಇದು ಸುಮ್ಮನೆ ಬಂದಿದ್ದಲ್ಲ. ಎರಡು ಸಾವಿರ ಜನರ ಹತ್ರ ಸಹಿ ಹಾಕಿಸಿದೀನಿ. ಏಪ್ರಿಲ್ ಎರಡಕ್ಕೆ ವಿಚಾರಣೆ. ನೀವು ಎದ್ದು ನಿಂತು ಮೂರು ಮಾತು ಹೇಳಿದ್ರೆ ಸಾಕು."

"ಯಾವ ಮೂರು?"

"ಹತ್ತು ವರ್ಷ ಕೊಡಿ."

"ನಾಲ್ಕನೇದು ಸೇರಿಸಬಹುದಾ?"

"ಸೇರಿಸಿ ನೋಡಿ," ಎಂದು ಸೀಟಿಯನ್ನು ಕೈಗೆತ್ತಿಕೊಂಡಳು.

ಸೇರಿಸುವುದಿಲ್ಲ ಎಂದೆ. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಅಂಚೆ ಕಚೇರಿಯ ಎದುರು, ಬಿಳಿ ಪಟ್ಟೆಯ ಮೇಲೆ, ಹಗಲು ಹನ್ನೊಂದು ಗಂಟೆಗೆ ದಾಟುತ್ತಿದ್ದವಳು ಅವಳ ಅಕ್ಕ. ಕಾರು ಓಡಿಸುತ್ತಿದ್ದವನು ಹಲ್ಲಿನ ಡಾಕ್ಟರು, ಫೋನು ನೋಡುತ್ತಿದ್ದ. ತೀರ್ಪು ಬಂದದ್ದು ಈ ಜನವರಿಯಲ್ಲಿ: ಎಂಟು ತಿಂಗಳು ಲೈಸೆನ್ಸ್ ಅಮಾನತು, ಜೊತೆಗೆ ಆ ದಿನ ಕೋರ್ಟು ಏಳುವ ತನಕ ಅಲ್ಲೇ ಕೂತಿರುವ ಶಿಕ್ಷೆ. ಕೋರ್ಟು ನಾಲ್ಕೂವರೆಗೆ ಎದ್ದಿತು. "ನಮ್ಮ ಸ್ಕೂಲಲ್ಲಿ ಹೋಂವರ್ಕ್ ಮಾಡದೇ ಇದ್ದವರೂ ಅದಕ್ಕಿಂತ ಜಾಸ್ತಿ ಹೊತ್ತು ಬೆಂಚ್ ಮೇಲೆ ನಿಲ್ತಾರೆ," ಅಂದಿದ್ದಳು ಸೀಟಿ.

ಮಾರ್ಚ್ 9, ಭಾನುವಾರ

ಹಲ್ಲು ನೋವು. ಊರಿಗೆ ಇರುವವನು ಒಬ್ಬನೇ ಹಲ್ಲಿನ ಡಾಕ್ಟರು. ಈ ಸಂಗತಿ ಗೊತ್ತಿದ್ದೂ ನೋಯುತ್ತದೆಂದರೆ ಆ ದವಡೆಹಲ್ಲಿಗೆ ನಾಚಿಕೆ ಎಂಬುದೇ ಇಲ್ಲ. ಲವಂಗ ಕಚ್ಚಿಕೊಂಡು ನಮೂನೆಯ ಮುಂದೆ ಕೂತೆ. ಚೌಕದೊಳಗೆ ಒಂದು ಚೌಕ ಬರೆದೆ.

ಮಧ್ಯಾಹ್ನ ಕಾರಿನ ಹೊದಿಕೆ ಸರಿಸಿ ಹಿಂದಿನ ಸೀಟಿನಲ್ಲಿ ಕೂತೆ. ಇಡೀ ಊರಿನಲ್ಲಿ ಇಷ್ಟು ಚಹಾ ಕುಡಿದ ಸೀಟು ಇನ್ನೊಂದಿಲ್ಲ. ಶಿಷ್ಯರಿಗೆ ಸರ್ಕಾರ ನಡೆಸುವ ಪರೀಕ್ಷೆ ಒಂದಾದರೆ ಅದಕ್ಕೂ ಮುಂಚೆ ನನ್ನ ಹೆಂಡತಿಯದೊಂದು ಪರೀಕ್ಷೆ ಇತ್ತು. ಕೊನೆಯ ಪಾಠದ ದಿನ ಫ್ಲಾಸ್ಕು, ಕಪ್ಪು, ಸಾಸರು ಹಿಡಿದು ಹಿಂದೆ ಕೂರುತ್ತಿದ್ದಳು. ಕಪ್ಪಿನ ಅಂಚಿನವರೆಗೆ ಚಹಾ ಸುರಿದುಕೊಂಡು, "ಹೊರಡಿ, ಗಾಬರಿ ಬೇಡ, ಇದು ಬಿಸಿಯಾಗಿದೆ ಅಷ್ಟೆ," ಅನ್ನುತ್ತಿದ್ದಳು. ಚಹಾ ಚೆಲ್ಲಿದರೆ ಇನ್ನೂ ಹತ್ತು ಪಾಠ. ಗಡ್ಡಮೀಸೆಯ ಗಂಡಸರು ಬೆವರುವುದನ್ನು ನೋಡಿದ್ದೇನೆ. ಸೀಟಿನ ಮೇಲಿನ ಒಂದೊಂದು ಕಲೆಗೂ ಹೆಸರಿತ್ತು: ಪೋಸ್ಟ್ ಮಾಸ್ತರರ ತಿರುವು, ಬೇಕರಿಯವಳ ಹಳ್ಳ.

ನನ್ನ ಕಡೆಗೂ ಒಂದು ಬ್ರೇಕು ಇದೆ, ಎಲ್ಲ ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಇರುವಂತೆ. ಶಿಷ್ಯ ಮರೆತರೆ ಮೇಷ್ಟ್ರು ಒತ್ತಬೇಕು. ಉಳಿದ ಮೇಷ್ಟ್ರುಗಳು ಒತ್ತಿದರೆ ಶಿಷ್ಯನ ಹಣೆ ಸ್ಟೇರಿಂಗಿಗೆ ತಾಗುತ್ತದೆ. ನಾನು ಒತ್ತಿದರೆ ಶಿಷ್ಯನಿಗೆ ಗೊತ್ತೇ ಆಗುವುದಿಲ್ಲ, ತಾನೇ ನಿಲ್ಲಿಸಿದೆ ಅಂದುಕೊಳ್ಳುತ್ತಾನೆ. ಧೈರ್ಯ ಬರಲಿ ಎಂದು ಹಾಗೆ ಮಾಡುತ್ತಿದ್ದೆ. ಈ ಕಲೆಗಾಗಿಯೇ ನನಗೆ ಬೆಣ್ಣೆ ಬ್ರೇಕ್ ಮೇಷ್ಟ್ರು ಎಂದು ಬಿರುದು.

ಸೀಟು ತಣ್ಣಗಿತ್ತು. ಒಂದು ಗಂಟೆ ಕೂತಿದ್ದೆ. ಎಲ್ಲಿಗೂ ಹೋಗಲಿಲ್ಲ.

ಮಾರ್ಚ್ 16, ಭಾನುವಾರ

ಸೀಟಿ ಬಿಸ್ಕತ್ತು ತಂದಿದ್ದಳು, ಜೊತೆಗೆ ತೀರ್ಪಿನ ನಕಲು. ನಾನು ಅದನ್ನು ಈವರೆಗೆ ಓದಿರಲಿಲ್ಲ. ಅವಳು ಸ್ಕೂಲಿನ ಪ್ರಾರ್ಥನೆಯ ಧ್ವನಿಯಲ್ಲಿ ಗಟ್ಟಿಯಾಗಿ ಓದಿದಳು.

"ಇದನ್ನು ಕೇಳಿ ಭಾವ, ಡಾಕ್ಟರ ಹೇಳಿಕೆ. 'ತಲೆ ಎತ್ತಿದಾಗ ಹೆಂಗಸೊಬ್ಬರು ಕಂಡರು. ಬ್ರೇಕ್ ಒತ್ತಬೇಕೆಂದು ಹೊಳೆಯಲಿಲ್ಲ. ಕಾರು ನಿಲ್ಲುತ್ತದೆ ಅಂದುಕೊಂಡಿದ್ದೆ.' ನಿಲ್ಲುತ್ತದೆ ಅಂದುಕೊಂಡಿದ್ನಂತೆ! ಕಾರೇನು ಎತ್ತಿನಗಾಡಿನಾ, ಅದಕ್ಕೇ ಬುದ್ಧಿ ಇರೋಕೆ?"

"ಹೂಂ," ಎಂದೆ.

"ಹೂಂ ಏನು? ಇಂಥಾ ಮಾತಿಗೂ ನಿಮಗೆ ಒಂದು ಜೋಕು ಹೊಳೀಲಿಲ್ವಾ?"

ಚಹಾ ಮಾಡುತ್ತೇನೆ ಎಂದು ಎದ್ದೆ. ಒಲೆ ಹಚ್ಚದೆ ಬಹಳ ಹೊತ್ತು ಅದರ ಮುಂದೆ ನಿಂತಿದ್ದೆನಂತೆ. ಸೀಟಿ ಬಂದು ಬೆಂಕಿಪೊಟ್ಟಣ ಕೈಯಿಂದ ತೆಗೆದುಕೊಂಡಳು.

ಮಾರ್ಚ್ 17, ಸೋಮವಾರ

ಇಂದು ವಿಶೇಷವೇನೂ ಇಲ್ಲ.

ಮಾರ್ಚ್ 18, ಮಂಗಳವಾರ

ನಿನ್ನೆ ಬರೆದದ್ದು ಸುಳ್ಳು. ನಿನ್ನೆ ಅಟ್ಟದಿಂದ ಹಳೆಯ ರಿಜಿಸ್ಟರುಗಳನ್ನು ಇಳಿಸಿದೆ.

ಆ ಡಾಕ್ಟರು ನನ್ನ ಶಿಷ್ಯ. ಇದು ಹೊಸದಾಗಿ ಗೊತ್ತಾದದ್ದೇನಲ್ಲ, ಇಲ್ಲಿ ಬರೆಯದೆ ಬಿಟ್ಟದ್ದು ಅಷ್ಟೇ. ಹನ್ನೊಂದು ವರ್ಷದ ಹಿಂದೆ ಇಪ್ಪತ್ತು ಪಾಠ. ರಿಜಿಸ್ಟರಿನ ಕೊನೆಯ ಕಾಲಮ್ಮು ಚಹಾ ಪರೀಕ್ಷೆಯದು, ಅದನ್ನು ಅವಳೇ ಪೆನ್ಸಿಲಿನಲ್ಲಿ ತುಂಬುತ್ತಿದ್ದಳು. ಅವನ ಹೆಸರಿನ ಮುಂದೆ ಹೀಗಿದೆ: "ಚೆಲ್ಲಲಿಲ್ಲ. ಆದರೆ ನಾಲ್ಕು ಸಲವೂ ನಿಲ್ಲಿಸಿದ್ದು ಇವರ ಮೊಣಕಾಲು. ಬೇಡ."

ಹಿಂದಿನ ಸೀಟಿನಿಂದ ನನ್ನ ಮೊಣಕಾಲು ಕಾಣುತ್ತಿತ್ತು. ಶಿಷ್ಯರಿಗೆಲ್ಲ ಮೋಸ ಮಾಡಿದ ಕಲೆ ಅವಳ ಮುಂದೆ ನಡೆಯುತ್ತಿರಲಿಲ್ಲ. "ನೀವು ಅವರಿಗೆ ಕಲಿಸ್ತಿಲ್ಲ ಕಣ್ರೀ, ಅವರ ಬದಲು ಓಡಿಸ್ತಿದ್ದೀರಿ," ಅನ್ನುತ್ತಿದ್ದಳು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ಅವಳ "ಬೇಡ"ದ ಕೆಳಗೆ ನನ್ನ ಶಾಯಿಯಲ್ಲಿ, ದೊಡ್ಡ ಅಕ್ಷರದಲ್ಲಿ: "ತೇರ್ಗಡೆ."

ಅವತ್ತು ಬಿಸಿಲು ಜೋರಿತ್ತು. ಹುಡುಗ ಹೊಸದಾಗಿ ಕ್ಲಿನಿಕ್ ತೆರೆದಿದ್ದ, ಅವಸರದಲ್ಲಿದ್ದ, ಒಳ್ಳೆಯವನೂ ಆಗಿದ್ದ. ಅವಳ ಹತ್ತಿರ ನಾನು ಆಡಿದ ಮಾತು ಅಕ್ಷರ ಬಿಡದೆ ನೆನಪಿದೆ. "ರಸ್ತೆಗೆ ಬಿದ್ದರೆ ತಾನೇ ಕಲೀತಾನೆ ಬಿಡೆ."

ಮಾರ್ಚ್ 28, ಶುಕ್ರವಾರ

ಸೀಟಿ ದಿನಾ ಫೋನು ಮಾಡಿ ತಾಲೀಮು ಮಾಡಿಸುತ್ತಿದ್ದಾಳೆ.

"ಹೇಳಿ ಭಾವ."

"ಹತ್ತು ವರ್ಷ ಕೊಡಿ."

"ಧ್ವನಿ ಸಾಲದು. ಹೋಟೆಲಲ್ಲಿ ನೀರು ಕೇಳಿದ ಹಾಗಿದೆ. ಇನ್ನೊಂದ್ಸಲ."

ಮೂರು ಮಾತು ಹೇಳಿ ಕೂತರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ರಿಜಿಸ್ಟರು ನೋಡಿದವರು ಇಬ್ಬರು, ಒಬ್ಬಳು ಇಲ್ಲ. ನಾಲ್ಕನೇ ಮಾತು ಹೇಳಿದರೆ ಸೀಟಿ ಹೋಗುತ್ತಾಳೆ. ಹೆಂಡತಿಯ ಕಡೆಯಿಂದ ನನಗೆ ಉಳಿದಿರುವವಳು ಈ ತಂಗಿ ಒಬ್ಬಳೇ. ನಗುವಾಗ ಇವಳಿಗೂ ತುಟಿಯ ಬಲಗಡೆ ಸ್ವಲ್ಪ ಮೊದಲು ಮೇಲೇಳುತ್ತದೆ, ಎಡಗಡೆ ಆಮೇಲೆ ಓಡಿಬಂದು ಸೇರಿಕೊಳ್ಳುತ್ತದೆ. ಅದೊಂದನ್ನು ನೋಡುವುದಕ್ಕೆ ಸೋಮವಾರದಿಂದ ಭಾನುವಾರದವರೆಗೆ ಕಾಯುತ್ತೇನೆ. ಬಿಸ್ಕತ್ತು ಬರೀ ನೆಪ.

ಹೇಳಿದರೆ ನನ್ನ ಭಾನುವಾರ ಹೋಗುತ್ತದೆ.

ಏಪ್ರಿಲ್ 2, ಬುಧವಾರ

ಪುರಭವನದ ಮಹಡಿ. ಇಪ್ಪತ್ತೆರಡು ಮೆಟ್ಟಿಲು. ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು. ಪಕ್ಕದಲ್ಲಿ ಟೈಪಿಸ್ಟು. ಕೊನೆಯ ಸಾಲಿನಲ್ಲಿ ಡಾಕ್ಟರು, ಸೊರಗಿದ್ದ. ಮೊದಲ ಸಾಲಿನಲ್ಲಿ ಸೀಟಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ.

ನನ್ನ ಸರದಿ ಬಂತು. ಎದ್ದು, "ಹತ್ತು ವರ್ಷ ಕೊಡಿ," ಎಂದೆ. ಧ್ವನಿ ಚೆನ್ನಾಗಿಯೇ ಬಂತು. ಸೀಟಿ ತಲೆಯಾಡಿಸಿದಳು. ಕೂತುಬಿಡಬಹುದಿತ್ತು. ಬಲಗಾಲು ನೆಲವನ್ನು ಬಲವಾಗಿ ಒತ್ತುತ್ತಿತ್ತು. ಬಾಯಿ ನಿಲ್ಲಲಿಲ್ಲ.

"ಅದರ ಕೆಳಗೆ ಇನ್ನೊಂದು ಬರೆದುಕೊಳ್ಳಿ ಅಮ್ಮಾ. ಆ ಡಾಕ್ಟರಿಗೆ ಡ್ರೈವಿಂಗ್ ಕಲಿಸಿದ್ದು ನಾನು. ಕಲಿಸಿದೆ ಅನ್ನೋದು ತಪ್ಪು. ಅವರು ಮರೆತಾಗಲೆಲ್ಲ ನಾನೇ ಬ್ರೇಕ್ ಒತ್ತಿದೆ, ಅವರಿಗೆ ಗೊತ್ತಾಗದ ಹಾಗೆ. ಕಾರು ನಿಲ್ಲುತ್ತೆ ಅಂದುಕೊಂಡೆ ಅಂತ ಅವರು ಕೋರ್ಟಿನಲ್ಲಿ ಹೇಳಿದ್ದು ನಿಜ. ನನ್ನ ಕಾರು ನಿಲ್ತಿತ್ತು."

ಟೈಪಿಸ್ಟರ ಕೈ ನಿಂತಿತು.

"ಎಷ್ಟು ಸಲ ಒತ್ತಿದ್ರಿ?" ಎಂದರು ಅಧ್ಯಕ್ಷೆ.

"ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಒತ್ತೋದೇ ನನ್ನ ಜಂಬ ಆಗಿತ್ತು. ನನ್ನ ಹೆಂಡತಿಗೆ ಗೊತ್ತಾಗ್ತಿತ್ತು. ಇವರಿಗೆ ಲೈಸೆನ್ಸ್ ಬೇಡ ಅಂತ ಬರೆದಿದ್ದಳು. ಅದರ ಕೆಳಗೆ ನಾನು ತೇರ್ಗಡೆ ಅಂತ ಬರೆದೆ." ರಿಜಿಸ್ಟರನ್ನು ಮೇಜಿನ ಮೇಲಿಟ್ಟೆ.

ಅಧ್ಯಕ್ಷೆ ತಲೆಯ ಮೇಲಿನ ಕನ್ನಡಕ ಇಳಿಸಿಕೊಂಡು ಓದಿದರು. "ಈಗ ಕಾನೂನಿನಲ್ಲಿ ಏನಾಗಬೇಕು ಅಂತೀರಿ?"

"ಶಿಕ್ಷೆ ನೀವು ನೋಡಿಕೊಳ್ಳಿ. ನನಗೆ ಗೊತ್ತಿರೋದು ಪೆಡಲ್ಲು. ಮೇಷ್ಟ್ರ ಬ್ರೇಕಿಗೆ ಸದ್ದು ಇರಬೇಕು. ಒತ್ತಿದಾಗೆಲ್ಲ ಶಿಷ್ಯನಿಗೆ ಕೇಳಬೇಕು, ನಿಲ್ಲಿಸಿದ್ದು ನೀನಲ್ಲ ಅಂತ. ಸದ್ದಾಗದೆ ಪಾಠ ಮುಗಿಸಿದವರಿಗೆ ಮಾತ್ರ ಪರೀಕ್ಷೆ."

ಸೀಟಿ ಎದ್ದು ಹೋದಳು. ಅವಳ ಶೂ ಸದ್ದು ಎಣಿಸಿದೆ, ಇಪ್ಪತ್ತೆರಡೂ.

ಕೆಳಗೆ ಡಾಕ್ಟರು ಸೈಕಲ್ ಹಿಡಿದು ನಿಂತಿದ್ದ. "ಮೇಷ್ಟ್ರೇ, ಫೋನ್ ನೋಡಿದ್ದು ನಾನು. ನೀವಲ್ಲ."

"ಗೊತ್ತು. ಅದರಲ್ಲಿ ನನಗೆ ಪಾಲು ಬೇಡ. ನನ್ನದೇ ನನಗೆ ಬೇಕಾದಷ್ಟಿದೆ."

ಅವನು ಒಂದು ಕಾಲನ್ನು ಸೈಕಲ್ಲಿನ ಪೆಡಲಿನ ಮೇಲಿಟ್ಟು ಮತ್ತೆ ತೆಗೆದ. ಕಡೆಗೆ, "ಕೆನ್ನೆ ಊದಿದೆಯಲ್ಲ, ದವಡೆ ಹಲ್ಲಾ?" ಎಂದ.

"ಬಸ್ಸು ಬಂತು," ಎಂದೆ. ಬಂದಿರಲಿಲ್ಲ.

ಏಪ್ರಿಲ್ 6, ಭಾನುವಾರ

ಸೀಟಿ ಬರಲಿಲ್ಲ.

ಏಪ್ರಿಲ್ 13, ಭಾನುವಾರ

ಬರಲಿಲ್ಲ. ಡಬ್ಬಿಯಲ್ಲಿದ್ದ ಬಿಸ್ಕತ್ತು ಮೆತ್ತಗಾಗಿದೆ.

ಏಪ್ರಿಲ್ 15, ಮಂಗಳವಾರ

ಹಲ್ಲು ಕಿತ್ತಿಸಿದೆ, ಎರಡು ಗಂಟೆ ಬಸ್ಸಿನ ದಾರಿಯ ಊರಿಗೆ ಹೋಗಿ. ಅಲ್ಲಿನ ಡಾಕ್ಟರು ಕಾರು ಎಲ್ಲಿ ಕಲಿತರೆಂದು ಕೇಳಿಕೊಂಡೇ ಬಾಯಿ ತೆರೆದೆ.

ಏಪ್ರಿಲ್ 24, ಗುರುವಾರ

ಕಾನೂನು ತನ್ನ ವೇಗದಲ್ಲಿ ಬರಲಿ, ಅದಕ್ಕೆ ಯಾರೂ ವೇಗದ ಮಿತಿ ಹಾಕಬೇಕಾಗಿಲ್ಲ. ಅಷ್ಟರಲ್ಲಿ ನನ್ನ ಕಾರಿಗೆ ನಾನೇ ಕಾನೂನು ಮಾಡಿದೆ.

ಗ್ಯಾರೇಜಿನವನ ಹತ್ತಿರ ಹೋಗಿ ನನ್ನ ಬ್ರೇಕಿಗೆ ಗಂಟೆ ಕಟ್ಟು ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಬೆಕ್ಕಿಗೆ ಗಂಟೆ ಕಟ್ಟೋರನ್ನ ಕೇಳಿದೀನಿ, ಬ್ರೇಕಿಗೆ ಕಟ್ಟಿಸೋರು ನೀವೇ ಮೊದಲು ಮೇಷ್ಟ್ರೇ. ಗಂಟೆ ತನ್ನಿ, ಕಟ್ತೀನಿ."

ಮನೆಯ ಕರೆಗಂಟೆಯನ್ನೇ ಬಿಚ್ಚಿ ಕೊಟ್ಟೆ. ಮನೆಗೆ ಈಗ ಅದರ ಅಗತ್ಯವಿಲ್ಲ. ಬರುವವರು ಯಾರಿದ್ದಾರೆ? ಬೀಗದ ಕೈ ಮರೆತು ಹೋಗಿ, ಬಂದಮೇಲೆ ಎರಡು ಸಲ ಒತ್ತುತ್ತಿದ್ದವಳು ನೀನೊಬ್ಬಳೇ. ಮೊದಲನೆಯದು ಬಾಗಿಲಿಗೆ, ಎರಡನೆಯದು ನಿಮಗೆ ಅನ್ನುತ್ತಿದ್ದೆ. ವೈರು ಎಳೆದು ಜೋಡಿಸಿದ ಮೇಲೆ ಗ್ಯಾರೇಜಿನವನು ಪೆಡಲ್ ಒತ್ತಿ ನೋಡಿದ. ಕಾರಿನೊಳಗೆ ಟಿಂಗ್ ಟಾಂಗ್ ಅಂದಿತು. ನಾನು ಎದ್ದು ಬಾಗಿಲ ಕಡೆ ನಡೆದೆ. ಗ್ಯಾರೇಜಿಗೆ ಬಾಗಿಲೇ ಇಲ್ಲ.

ಅವನು ಈ ಸಲ ನಗಲಿಲ್ಲ. ಒಳ್ಳೆಯವನು.

ಮೇ 11, ಭಾನುವಾರ

ಬೆಳಿಗ್ಗೆ ಬಾಗಿಲ ಹೊರಗೆ ಯಾರೋ ಸೀಟಿ ಊದಿದರು. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದರು, ನಾನೂ ಬಂದೆ.

"ಗಂಟೆ ಎಲ್ಲಿ ಭಾವ? ಎಷ್ಟು ಹೊತ್ತು ಬಾಗಿಲು ತಟ್ಟೋದು?"

"ಕಾರಲ್ಲಿದೆ."

"ತಲೆ ಎಲ್ಲಿದೆ?"

ಒಳಗೆ ಬಂದು ಕೂರಲಿಲ್ಲ. ರಿಜಿಸ್ಟರು ತೋರಿಸಿ ಅಂದಳು. ಸಮಿತಿಯವರು ನಕಲು ಮಾಡಿಕೊಂಡು ವಾಪಸ್ಸು ಕಳಿಸಿದ್ದರು. ಆ ಪುಟ ತೆಗೆದು ಪೆನ್ಸಿಲಿನ ಅಕ್ಷರಗಳ ಮೇಲೆ, ಅಳಿಸಿಹೋಗಬಾರದೆಂದು, ಬೆರಳನ್ನು ತಾಗಿಸದೆ ಆಡಿಸಿದಳು.

"ಅಕ್ಕ ಬೇಡ ಅಂದಿದ್ಲು."

"ಹೌದು."

"ನೀವು ಕೇಳಲಿಲ್ಲ."

"ಕೇಳಲಿಲ್ಲ."

ಪುಸ್ತಕ ಮುಚ್ಚಿದಳು. "ನಾನು ಕ್ಷಮಿಸೋಕೆ ಬಂದಿಲ್ಲ. ಅದು ನನ್ನ ಕೈಯಲ್ಲಿ ಆಗುತ್ತೋ ಇಲ್ವೋ ಗೊತ್ತಿಲ್ಲ. ಡ್ರೈವಿಂಗ್ ಕಲಿಯೋಕೆ ಬಂದಿದೀನಿ. ಇನ್ಮೇಲೆ ಈ ಊರಲ್ಲಿ ಯಾರಿಗೇ ಕಲಿಸೋದಾದ್ರೂ ಮೊದಲು ನನಗೆ ಕಲಿಸಿ. ಹೇಗೆ ಕಲಿಸ್ತೀರೋ ನಾನೂ ನೋಡ್ತೀನಿ."

"ಐವತ್ತು ವರ್ಷಕ್ಕೆ ಕಲಿಯೋದು ಸ್ವಲ್ಪ..."

"ನಲವತ್ತೆಂಟು. ಸುಮ್ಮನೆ ಎರಡು ವರ್ಷ ಸೇರಿಸಬೇಡಿ."

ತುಟಿಯ ಬಲಗಡೆ ಮೇಲೇಳಲಿಲ್ಲ. ಆದರೆ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೋದಳು.

ಮೇ 19, ಸೋಮವಾರ

ಮೊದಲ ಪಾಠ. ಗಂಟೆ ಮೂವತ್ತೊಂದು ಸಲ ಬಾರಿಸಿತು. ಪಾದಚಾರಿಗಳು ಐಸ್ ಕ್ರೀಂ ಗಾಡಿ ಬಂತೆಂದು ನಿಂತು ನೋಡಿದರು. ಸೀಟಿ ಪ್ರತಿ ಸಲವೂ, "ಈಗ ನೀವಾ?" ಅಂದಳು. ಪ್ರತಿ ಸಲವೂ, "ನಾನೇ," ಎಂದೆ. ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಇಷ್ಟು ಸಲ ನಿಜ ಹೇಳಿದ್ದು ಇದೇ ಮೊದಲು.

ಜೂನ್ 6, ಶುಕ್ರವಾರ

ಒಂಬತ್ತು ಸಲ. ರಸ್ತೆ ತಪ್ಪಾಗಿ ದಾಟಿದ ಒಬ್ಬನಿಗೆ ಸೀಟಿ ಕಿಟಕಿಯಿಂದಲೇ ಸೀಟಿ ಊದಿದಳು. ಅವನು ನನ್ನ ಹಳೆಯ ಶಿಷ್ಯ. ತಪ್ಪು ಮಾಡುವವರೂ ನನ್ನ ಶಿಷ್ಯರೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವರಲ್ಲಿ ಎಷ್ಟು ಮಂದಿ ಕಾರು ತಾನಾಗಿ ನಿಲ್ಲುತ್ತದೆ ಅಂದುಕೊಂಡಿದ್ದಾರೋ. ಮೂವರಿಗೆ ಪತ್ರ ಬರೆದು ಕರೆದಿದ್ದೇನೆ, ಬಂದು ಮತ್ತೆ ಗಂಟೆಯ ಕಾರು ಓಡಿಸಿ ತೋರಿಸಿ ಎಂದು. ಇಬ್ಬರು ಬೈದು ಉತ್ತರಿಸಿದರು. ಒಬ್ಬಳು ಬರುತ್ತಾಳಂತೆ.

ಜೂನ್ 30, ಸೋಮವಾರ

ಕಾನೂನಿನ ಕರಡು ಪತ್ರಿಕೆಯಲ್ಲಿ ಬಂದಿದೆ. ಸೆರೆ ಏಳು ವರ್ಷದವರೆಗೆ. ಸೀಟಿಗೆ ಸಾಲದು, ಮತ್ತೆ ಸಹಿ ಶುರು ಮಾಡಿದ್ದಾಳೆ. ಹದಿನಾಲ್ಕನೇ ಕಲಮಿನ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ: "ಬೋಧಕನು ಬ್ರೇಕ್ ಒತ್ತಿದಾಗ ಕಲಿಯುವವರಿಗೆ ಕೇಳಿಸುವಂತೆ ಶಬ್ದವಾಗತಕ್ಕದ್ದು." ಒಂದು ಸಾಲು. ಇದು ಹನ್ನೊಂದು ವರ್ಷದ ಹಿಂದೆ ಇದ್ದಿದ್ದರೆ ಎಂದು ಯೋಚಿಸಲು ಹೋಗಿ, ಅರ್ಧಕ್ಕೆ ನಿಲ್ಲಿಸಿದೆ.

ಇಂದು ಪಾಠಕ್ಕೆ ಸೀಟಿ ತಾನಾಗಿ ಅಂಚೆ ಕಚೇರಿಯ ರಸ್ತೆಗೆ ತಿರುಗಿಸಿದಳು. ನಾನು ಆ ರಸ್ತೆಗೆ ಹೋಗಿ ಒಂದೂ ಮುಕ್ಕಾಲು ವರ್ಷವಾಗಿತ್ತು. ಪತ್ರಗಳನ್ನೂ ಬಸ್ ನಿಲ್ದಾಣದ ಡಬ್ಬಿಗೇ ಹಾಕುತ್ತಿದ್ದೆ. ಬಿಳಿ ಪಟ್ಟೆ ಹತ್ತಿರವಾಯಿತು. ನನ್ನ ಕಾಲು ಪೆಡಲಿನ ಮೇಲೆ ಹೋಯಿತು, ಒತ್ತಲಿಲ್ಲ. ಕಾರು ನಿಂತಿತು, ಗಂಟೆ ಬಾರಿಸಲಿಲ್ಲ.

"ಈಗ ನಾನು," ಅಂದಳು ಸೀಟಿ, ಕಣ್ಣು ರಸ್ತೆಯಿಂದ ತೆಗೆಯದೆ.

ದಾಟುವವರು ಯಾರೂ ಇರಲಿಲ್ಲ. ಆದರೂ ಅವಳು ಹೊರಡಲಿಲ್ಲ, ನಾನೂ ಹೊರಡು ಅನ್ನಲಿಲ್ಲ. ಈ ಕಡೆಯ ಕಟ್ಟೆಯಿಂದ ಆ ಕಡೆಯ ಕಟ್ಟೆಯವರೆಗೆ, ಕೈಯಲ್ಲಿ ಚೀಲ, ಸ್ವಲ್ಪ ನಿಧಾನ, ಮಧ್ಯದಲ್ಲಿ ಒಮ್ಮೆ ಸೆರಗು ಸರಿಮಾಡಿಕೊಳ್ಳುವುದಕ್ಕೆ ನಿಲ್ಲುವ ಎತ್ತರದ ಹೆಂಗಸೊಬ್ಬಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇಬ್ಬರೂ ನೋಡುತ್ತ ಕೂತೆವು. ಹಿಂದಿನಿಂದ ಒಂದು ಕಾರು ಒಂದೇ ಸಮನೆ ಹಾರ್ನ್ ಹೊಡೆಯಿತು. ನೀನು ಇನ್ನೂ ಅರ್ಧ ದಾರಿಯಲ್ಲಿದ್ದೆ.

ನಾಳೆಯೂ ಎಂಟು ಗಂಟೆಗೆ ಅದೇ ದಾರಿಯಲ್ಲಿ ಪಾಠವಿದೆ. ಆದ್ದರಿಂದ ಈ ಪುಸ್ತಕ ಯಾರ ಕೈಗಾದರೂ ಸಿಕ್ಕಿದರೆ, ಅವರು ಚರಿತ್ರಕಾರರೇ ಆಗಲಿ, ಕದ್ದು ಓದುವವರೇ ಆಗಲಿ, ಒಂದು ಸಣ್ಣ ಉಪಕಾರ ಮಾಡಬೇಕು. ಅಂಚೆ ಕಚೇರಿಯ ಎದುರು, ಖಾಲಿ ಪಟ್ಟೆಯ ಮುಂದೆ, ಎಲ್ ಬೋರ್ಡಿನ ಕಾರೊಂದು ಕಾರಣವಿಲ್ಲದೆ ನಿಂತಿರುವುದು ಕಂಡರೆ ದಯವಿಟ್ಟು ಹಾರ್ನ್ ಹೊಡೆಯಬೇಡಿ. ಹೊರಡುತ್ತೇವೆ. ಅರ್ಧ ನಿಮಿಷ ತಡೆದುಕೊಳ್ಳಿ.